ಅಮ್ಮನೋ ಅಪ್ಪನೋ ಹೋದ ಮೇಲೆ ಮನೆ ನಡೆಸುವುದು: ದಾವಣಗೆರೆಯಲ್ಲಿ ಒಬ್ಬರೇ ಉಳಿದವರಿಗೆ

ತಿಥಿ ಮುಗಿದ ಮಾರನೇ ದಿನ ಶಾಮಿಯಾನ ಬಿಚ್ಚುತ್ತಾರೆ. ಬಾಡಿಗೆ ಕುರ್ಚಿಗಳು ಹೋಗುತ್ತವೆ. ಜಗಳೂರಿನವರು, ಹೊಳಲ್ಕೆರೆಯವರು ಸಂಜೆ ಬಸ್ಸಿಗೆ ಹೊರಡುತ್ತಾರೆ. ಬೆಳಗ್ಗೆ ಹಾಲಿನವನು ಬಂದು "ಇನ್ಮೇಲೆ ಎಷ್ಟು ಹಾಕ್ಲಿ?" ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಆ ಲೆಕ್ಕ ಇಷ್ಟು ವರ್ಷ ಅಮ್ಮನ ತಲೆಯಲ್ಲಿತ್ತು.

ಇದನ್ನು ಬರೆಯುತ್ತಿರುವುದು ಅಂಥವರಿಗೆ. ಅಪ್ಪನ ಜೊತೆಯೋ ಅಮ್ಮನ ಜೊತೆಯೋ ಇದ್ದು, ಈಗ ಅದೇ ಮನೆಯಲ್ಲಿ ಒಬ್ಬರೇ ಇರಬೇಕಾದವರಿಗೆ. ನಾನು ದಾವಣಗೆರೆಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿ ಇಟ್ಟಿದ್ದೇನೆ. ಮರಣ ಪತ್ರ ಹಿಡಿದು ಬರುವವರನ್ನು ನೋಡುತ್ತಲೇ ಇರುತ್ತೇನೆ. ನಮ್ಮ ಅಮ್ಮ ಹೋದಾಗ ನಾನೂ ಅದೇ ಪ್ಲಾಸ್ಟಿಕ್ ಕವರ್ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದಿದ್ದೇನೆ.

ನಾನು ಹೇಳುವುದು ಇಷ್ಟೇ. ಸಣ್ಣ ಕೆಲಸಗಳನ್ನು ಬೇಗ ಕೈಗೆ ತಗೊಳ್ಳಿ, ದೊಡ್ಡ ತೀರ್ಮಾನಗಳನ್ನು ಮುಂದಕ್ಕೆ ಹಾಕಿ. ಹೆಚ್ಚಿನ ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ. ಗ್ಯಾಸ್ ಬುಕ್ ಮಾಡುವುದು ಹೇಗೆ ಅಂತ ಗೊತ್ತಿರುವುದಿಲ್ಲ, ಮನೆ ಮಾರುವ ಮಾತು ಮಾತ್ರ ತಿಥಿ ಊಟದ ಪಂಕ್ತಿಯಲ್ಲೇ ಶುರುವಾಗಿರುತ್ತದೆ.

ಮೊದಲು ಅವರ ಫೋನ್

ತೀರಿಕೊಂಡವರ ಮೊಬೈಲನ್ನು ಯಾರೂ ತಗೊಂಡು ಹೋಗದಂತೆ ನೋಡಿಕೊಳ್ಳಿ. "ಸುಮ್ನೆ ಬಿದ್ದಿರ್ತದೆ, ಮಗಳಿಗೆ ಆನ್‌ಲೈನ್ ಕ್ಲಾಸಿಗೆ ಬೇಕು" ಅಂತ ಯಾರಾದರೂ ಕೇಳಬಹುದು. ಕೊಡಬೇಡಿ. ಬ್ಯಾಂಕ್, ಆಧಾರ್, ಗ್ಯಾಸ್, ಪಿಂಚಣಿ ಎಲ್ಲದಕ್ಕೂ ಒಟಿಪಿ ಬರುವುದು ಆ ನಂಬರಿಗೆ. ಕೆಲಸಗಳೆಲ್ಲ ಮುಗಿಯುವ ತನಕ ಕಡಿಮೆ ದರದ ಯಾವುದಾದರೂ ರೀಚಾರ್ಜ್ ಹಾಕಿಸಿ ಆ ಸಿಮ್ ಜೀವಂತ ಇಡಿ. ಮೂರು ತಿಂಗಳು ಬಳಸದೆ ಬಿಟ್ಟರೆ ನಂಬರ್ ಬಂದ್ ಆಗಿ, ಮುಂದೆ ಬೇರೆಯವರ ಪಾಲಾಗಬಹುದು.

ಫೋನಿಗೆ ಬರುವ ಕರೆಗಳನ್ನು ನೀವೇ ಎತ್ತಿ. ಯಾರು ಮಾಡಿದರು, ಏನು ಕೇಳಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂಘದ ಅಕ್ಕ, ಚೀಟಿ ನಡೆಸುವವರು, ಸೀರೆ ಕಂತಿನವರು, ಬ್ಯಾಂಕ್ ಮಿತ್ರ. ಅಮ್ಮನ ಹಣಕಾಸಿನ ಅರ್ಧ ಕಥೆ ಈ ಕರೆಗಳಲ್ಲೇ ಸಿಗುತ್ತದೆ.

ಆದರೆ ಅವರ ಎಟಿಎಂ ಕಾರ್ಡಿನಿಂದಾಗಲಿ ಫೋನ್‌ಪೇಯಿಂದಾಗಲಿ ದುಡ್ಡು ತೆಗೆಯಬೇಡಿ. ಪಿನ್ ಗೊತ್ತಿದ್ದರೂ ಬೇಡ. ಸತ್ತವರ ಖಾತೆಯಿಂದ ಹಣ ತೆಗೆದದ್ದು ಸ್ಟೇಟ್‌ಮೆಂಟ್‌ನಲ್ಲಿ ತಾರೀಖಿನ ಸಮೇತ ಬರುತ್ತದೆ. ನಾಳೆ ಅಣ್ಣನೋ ಅಕ್ಕನೋ ಕೇಳಿದರೆ ಮುಖ ಕೆಡುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ, ಸಂಧ್ಯಾ ಸುರಕ್ಷಾ ಹಣ ಆಮೇಲೂ ಒಂದೆರಡು ತಿಂಗಳು ಬಂದು ಬೀಳಬಹುದು. ಅದನ್ನು ಮುಟ್ಟಬೇಡಿ, ವಾಪಸ್ ಕೇಳುತ್ತಾರೆ.

ಮರಣ ಪತ್ರ

21 ದಿನದೊಳಗೆ ನೋಂದಣಿ ಆಗಬೇಕು. ತಿಂಗಳು ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ ಬೇಕಾಗುತ್ತದೆ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ.

ಇಲ್ಲಿ ತುಂಬಾ ಜನ ಎಡವುವುದು ಒಂದೇ ವಿಷಯದಲ್ಲಿ. ನೋಂದಣಿ ಆಗುವುದು ಸಾವು ಆದ ಊರಿನಲ್ಲಿ, ಅವರು ಬಾಳಿದ ಊರಿನಲ್ಲಲ್ಲ. ದಾವಣಗೆರೆಯ ಮನೆಯಲ್ಲೇ ತೀರಿಕೊಂಡಿದ್ದರೆ ಮಹಾನಗರ ಪಾಲಿಕೆ. ಹಳ್ಳಿಯಲ್ಲಾದರೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಾದರೆ ಆಸ್ಪತ್ರೆಯವರೇ ಮಾಹಿತಿ ಕೊಡುತ್ತಾರೆ. ಮಣಿಪಾಲಕ್ಕೋ ಬೆಂಗಳೂರಿಗೋ ಕರೆದುಕೊಂಡು ಹೋಗಿ ಅಲ್ಲಿ ತೀರಿಕೊಂಡಿದ್ದರೆ ಪತ್ರ ಅಲ್ಲಿಂದಲೇ ಬರಬೇಕು. ದಾವಣಗೆರೆ ಪಾಲಿಕೆಯಲ್ಲಿ ಎಷ್ಟು ಹೊತ್ತು ನಿಂತರೂ ಸಿಗುವುದಿಲ್ಲ.

ಅರ್ಜಿ ತುಂಬುವಾಗ ಹೆಸರನ್ನು ಆಧಾರ್ ಕಾರ್ಡ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ನಮ್ಮ ಕಡೆ ಒಬ್ಬರಿಗೇ ಮೂರು ಹೆಸರು ಇರುತ್ತವೆ. ಮನೆಯಲ್ಲಿ ಗೌರಮ್ಮ, ಪಹಣಿಯಲ್ಲಿ ಗೌರಮ್ಮ ಕೋಂ ಬಸಪ್ಪ, ಬ್ಯಾಂಕಿನಲ್ಲಿ ಬರೀ ಗೌರಿ ಬಿ. ಮರಣ ಪತ್ರದಲ್ಲಿ ನಾಲ್ಕನೆಯದೊಂದು ಹುಟ್ಟಿಕೊಂಡರೆ ಮುಂದಿನ ಪ್ರತಿ ಕಚೇರಿಯಲ್ಲೂ "ಇವರಿಬ್ಬರೂ ಒಬ್ಬರೇ" ಅಂತ ಅಫಿಡವಿಟ್ ಮಾಡಿಸುತ್ತಾ ಕೂರಬೇಕು. ನನ್ನ ಅಂಗಡಿಗೆ ಅದರಿಂದ ವ್ಯಾಪಾರ ಆಗುತ್ತದೆ, ಆದರೂ ಹೇಳುತ್ತಿದ್ದೇನೆ.

ಪತ್ರ ಬಂದ ದಿನವೇ ಹತ್ತು ಜೆರಾಕ್ಸ್ ಮಾಡಿಸಿ, ಒಂದು ಸ್ಕ್ಯಾನ್ ಕಾಪಿ ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ. ಜೊತೆಗೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೂ, ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರಕ್ಕೂ ಅರ್ಜಿ ಹಾಕಿ. ಮದುವೆಯಾದ ಅಕ್ಕ-ತಂಗಿಯರ ಹೆಸರು ಬಿಡಬೇಡಿ. "ಅವರು ಬೇರೆ ಮನೆಗೆ ಹೋಗಿದ್ದಾರಲ್ಲ" ಅಂತ ಹೆಸರು ಬಿಟ್ಟು ಮಾಡಿಸಿದ ವಂಶವೃಕ್ಷ ಮುಂದೆ ಕೋರ್ಟಿನ ತನಕ ಎಳೆಯುತ್ತದೆ.

ಟ್ರಂಕು, ಸಕ್ಕರೆ ಡಬ್ಬಿ, ದೇವರ ಕೋಣೆ

ಈಗ ಕಾಗದ ಹುಡುಕುವ ಕೆಲಸ. ಒಂದು ಭಾನುವಾರ ಇದಕ್ಕೇ ಇಡಿ. ಒಬ್ಬರೇ ಕೂರಬೇಡಿ, ಬಾಯಿ ಬಿಗಿಯಿರುವ ಸ್ನೇಹಿತರೊಬ್ಬರನ್ನು ಕರೆದುಕೊಳ್ಳಿ.

ನಮ್ಮ ಕಡೆ ಹೆಂಗಸರು ಕಾಗದ ಪತ್ರ ಬೀರುವಿನಲ್ಲೇ ಇಡುತ್ತಾರೆ ಅಂತ ತಿಳಿಯಬೇಡಿ. ಬಟ್ಟೆ ಅಂಗಡಿಯ ಹಳೇ ಕವರ್, ದೀಪಾವಳಿ ಸ್ವೀಟ್ ಬಾಕ್ಸ್, ಅಕ್ಕಿ ಡಬ್ಬದ ತಳ, ದೇವರ ಫೋಟೋದ ಹಿಂದೆ, ಹಾಸಿಗೆ ಕೆಳಗೆ ಪೇಪರ್ ಮಡಿಚಿದ ಕಡೆ, ಎಲ್ಲ ನೋಡಿ. ನಮ್ಮ ಅಮ್ಮನ ಎಲ್‌ಐಸಿ ಬಾಂಡ್ ಸಿಕ್ಕಿದ್ದು ರೇಷ್ಮೆ ಸೀರೆಯ ಮಡಿಕೆಯೊಳಗೆ. ಅದರ ಜೊತೆ ನನ್ನ ಹತ್ತನೇ ಕ್ಲಾಸಿನ ಹಾಲ್‌ಟಿಕೆಟ್ ಕೂಡ ಇತ್ತು. ಅದನ್ನು ಯಾಕೆ ಇಟ್ಟಿದ್ದರೋ.

ಬ್ಯಾಂಕ್ ಪಾಸ್‌ಬುಕ್ ಸಿಕ್ಕರೆ ಬರೀ ಬ್ಯಾಲೆನ್ಸ್ ನೋಡಿ ಮುಚ್ಚಬೇಡಿ. ಎಂಟ್ರಿ ಹಾಕಿಸಿಕೊಂಡು ಬಂದು, ಮೇ ಕೊನೆ ಮತ್ತು ಜೂನ್ ಮೊದಲ ವಾರದ ಸಾಲುಗಳನ್ನು ಬೆರಳಿಟ್ಟು ಓದಿ. ಅಲ್ಲಿ 436 ರೂಪಾಯಿ ಕಡಿತ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. ಯಾವ ಕಾರಣದಿಂದ ಸತ್ತರೂ 2 ಲಕ್ಷ ರೂಪಾಯಿ ಬರುತ್ತದೆ. 20 ರೂಪಾಯಿ ಕಡಿತ ಆಗಿದ್ದರೆ ಸುರಕ್ಷಾ ವಿಮೆ, ಅದು ಅಪಘಾತದ ಸಾವಿಗೆ 2 ಲಕ್ಷ. ಜೀವನ್ ಜ್ಯೋತಿಯ ರಕ್ಷಣೆ 55 ವರ್ಷದ ತನಕ ಮಾತ್ರ, ಸುರಕ್ಷಾ 70ರ ತನಕ. ಖಾತೆ ತೆರೆಯುವಾಗ ಬ್ಯಾಂಕಿನವರು ಸಹಿ ಹಾಕಿಸಿಕೊಂಡಿರುತ್ತಾರೆ, ಅಮ್ಮನಿಗೇ ಅದು ಮರೆತು ಹೋಗಿರುತ್ತದೆ. ಆ ಒಂದು ಸಾಲು ಯಾರೂ ಓದದೆ ಎಷ್ಟೋ ಮನೆಗಳು ಈ ಹಣ ಕೇಳುವುದೇ ಇಲ್ಲ. ಕ್ಲೇಮ್ ಫಾರಂ ಖಾತೆ ಇರುವ ಬ್ರಾಂಚ್‌ನಲ್ಲೇ ಕೊಡಬೇಕು, ತಿಂಗಳೊಳಗೆ ಕೊಟ್ಟರೆ ಒಳ್ಳೆಯದು.

ಮುಂದೆ, ಚಿನ್ನ. ಅಮ್ಮನ ಸರ ಕಾಣಿಸಲಿಲ್ಲ ಅಂದ ತಕ್ಷಣ ಚಿಕ್ಕಮ್ಮನ ಮೇಲೆ ಅನುಮಾನ ಪಡುವ ಮೊದಲು ಅಡವಿನ ರಸೀದಿ ಹುಡುಕಿ. ಸೊಸೈಟಿಯಲ್ಲೋ ಬ್ಯಾಂಕಲ್ಲೋ ಇಟ್ಟಿರಬಹುದು. ಬಡ್ಡಿ ಕಟ್ಟದೆ ಬಿಟ್ಟರೆ ಹರಾಜಿಗೆ ಹೋಗುತ್ತದೆ, ಹಾಗಾಗಿ ರಸೀದಿ ಸಿಕ್ಕ ವಾರದಲ್ಲೇ ಹೋಗಿ ಮಾತಾಡಿ.

ಅಪ್ಪ ಖಾಸಗಿ ಕೆಲಸದಲ್ಲಿದ್ದು ಪಿಎಫ್ ಕಟ್ಟುತ್ತಿದ್ದರೆ ಅಲ್ಲಿ ಮೂರು ಬೇರೆ ಬೇರೆ ಹಣ ಇರುತ್ತದೆ: ಪಿಎಫ್ ಮೊತ್ತ, ಪಿಂಚಣಿ, ವಿಮೆ. ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರೆ ವಿಮೆ ಗರಿಷ್ಠ 7 ಲಕ್ಷದ ತನಕ ಇದೆ. ಮಕ್ಕಳಿಗೆ 25 ವರ್ಷದ ತನಕ ಪಿಂಚಣಿಯ ಅವಕಾಶವೂ ಇದೆ. ಕಂಪನಿಯವರು ಒಂದನ್ನು ಮಾತ್ರ ಹೇಳಿ ಸುಮ್ಮನಾದರೆ ಉಳಿದೆರಡನ್ನು ನೀವೇ ಬಾಯಿ ಬಿಟ್ಟು ಕೇಳಿ.

ಹಳೇ ಕ್ರಯಪತ್ರದಲ್ಲಿ "ಚಿತ್ರದುರ್ಗ ಜಿಲ್ಲೆ, ದಾವಣಗೆರೆ ತಾಲ್ಲೂಕು" ಅಂತ ಇದ್ದರೆ ಗಾಬರಿ ಬೇಡ. ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಹಿಂದಿನ ಕಾಗದ ಹಾಗೇ ಇರುತ್ತದೆ. ಹೊನ್ನಾಳಿ, ಚನ್ನಗಿರಿ ಕಡೆಯವರದಾದರೆ ಶಿವಮೊಗ್ಗ ಅಂತ ಇರುತ್ತದೆ. ದಾಖಲೆ ತಪ್ಪಿದೆ, ತಿದ್ದಿಸಿಕೊಡುತ್ತೇನೆ ಅಂತ ಯಾವನಾದರೂ ಏಜೆಂಟ್ ದುಡ್ಡು ಕೇಳಿದರೆ ಅವನನ್ನು ಬಿಟ್ಟು ಬೇರೆಯವರನ್ನು ನೋಡಿ.

ಬ್ಯಾಂಕಿನ ಹಣ

ನಾಮಿನಿ ನೀವೇ ಆಗಿದ್ದರೆ ಸುಲಭ. ಮರಣ ಪತ್ರ, ನಿಮ್ಮ ಗುರುತಿನ ಚೀಟಿ, ಕ್ಲೇಮ್ ಫಾರಂ. ಎಲ್ಲ ಕಾಗದ ಸರಿಯಿದ್ದರೆ 15 ದಿನದೊಳಗೆ ಬ್ಯಾಂಕ್ ಇತ್ಯರ್ಥ ಮಾಡಬೇಕು. ಕೊಟ್ಟ ಅರ್ಜಿಯ ಜೆರಾಕ್ಸ್ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ನಾಮಿನಿ ಇಲ್ಲದಿದ್ದರೆ "ಕೋರ್ಟಿಂದ ವಾರಸು ಪತ್ರ ತನ್ನಿ" ಅಂತ ಹೇಳಿ ಕಳಿಸಿಬಿಡುವುದುಂಟು. ಸಣ್ಣ ಮೊತ್ತಕ್ಕೆ ಅದು ಬೇಕಿಲ್ಲ. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿಯಮದಲ್ಲಿ ಈ ಮಿತಿ ಸಹಕಾರಿ ಬ್ಯಾಂಕಿಗೆ 5 ಲಕ್ಷ, ಉಳಿದ ಬ್ಯಾಂಕಿಗೆ 15 ಲಕ್ಷ. ಅಷ್ಟರೊಳಗಿನ ಹಣಕ್ಕೆ ವಾರಸುದಾರರ ಒಪ್ಪಿಗೆ ಪತ್ರ, ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುತ್ತೇವೆ ಅನ್ನುವ ಮುಚ್ಚಳಿಕೆ) ಇಂಥವುಗಳ ಮೇಲೆ ಕೊಡಬೇಕು. ಜಗಳ ಇದ್ದರೆ ಮಾತು ಬೇರೆ.

ನಾಮಿನಿ ಅಂದ ಮಾತ್ರಕ್ಕೆ ಪೂರ್ತಿ ಹಣ ನಿಮ್ಮದಲ್ಲ. ಬ್ಯಾಂಕಿನಿಂದ ತಗೊಳ್ಳುವ ಅಧಿಕಾರ ಮಾತ್ರ ನಿಮ್ಮದು, ಒಡಹುಟ್ಟಿದವರ ಪಾಲು ಅದರಲ್ಲಿ ಇದ್ದೇ ಇರುತ್ತದೆ. ಮೊದಲೇ ಹೇಳಿಬಿಡಿ, ಮನಸ್ಸು ಕೆಡುವುದಿಲ್ಲ.

ಇನ್ನು ಸಾಲ. ತಿಥಿಗೆ ಬಂದವರಲ್ಲೇ ಒಬ್ಬರು "ನಿಮ್ಮಪ್ಪಂಗೆ ನಲವತ್ತು ಸಾವಿರ ಕೈಗಡ ಕೊಟ್ಟಿದ್ದೆ" ಅನ್ನಬಹುದು. ಅದು ನಿಜವೂ ಇರಬಹುದು. "ಚೀಟಿ, ಪತ್ರ ಏನಿದ್ರೂ ತೋರಿಸಿ ಕಾಕಾ, ನೋಡ್ತೀನಿ" ಅಂತ ಹೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಲ್ಲೇ ಒಪ್ಪಬೇಡಿ, ಅಲ್ಲೇ ಜಗಳಕ್ಕೂ ನಿಲ್ಲಬೇಡಿ. ಕಾನೂನಿನ ಪ್ರಕಾರ ತಂದೆ-ತಾಯಿಯ ಸಾಲಕ್ಕೆ ನೀವು ಹೊಣೆಯಾಗುವುದು ಅವರು ಬಿಟ್ಟು ಹೋದ ಆಸ್ತಿಯ ಮಟ್ಟಿಗೆ ಮಾತ್ರ. ನಿಮ್ಮ ಸಂಬಳಕ್ಕೆ ಅದು ತಗಲುವುದಿಲ್ಲ, ನೀವೇ ಜಾಮೀನು ಹಾಕಿದ್ದರೆ ಹೊರತು.

ಸಹಿಯ ವಿಷಯ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಆಸ್ತಿ ವಿಷಯದಲ್ಲಿ ಎರಡು ಥರದ ಕಾಗದ ನಿಮ್ಮ ಮುಂದೆ ಬರುತ್ತವೆ. ಒಂದು, ಸತ್ತವರ ಹೆಸರು ತೆಗೆದು ಎಲ್ಲ ವಾರಸುದಾರರ ಹೆಸರನ್ನು ಒಟ್ಟಿಗೆ ಸೇರಿಸುವುದು. ಹೊಲಕ್ಕಾದರೆ ಪೌತಿ ಖಾತೆ, ಪಟ್ಟಣದ ಮನೆಗಾದರೆ ಪಾಲಿಕೆಯಲ್ಲಿ ಖಾತೆ ಬದಲಾವಣೆ. ಇದನ್ನು ಮಾಡಿಸಿ, ತಡ ಮಾಡಬೇಡಿ. ಕಂದಾಯವನ್ನೂ ನಿಲ್ಲಿಸಬೇಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಇದೆ.

ಇನ್ನೊಂದು, ಹಕ್ಕು ಬಿಡುಗಡೆ ಪತ್ರ (ನಿಮ್ಮ ಪಾಲು ಬಿಟ್ಟುಕೊಡುವುದು), ವಿಭಾಗ ಪತ್ರ (ಆಸ್ತಿ ಭಾಗ ಮಾಡಿಕೊಳ್ಳುವುದು), ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡಲು ಬೇರೆಯವರಿಗೆ ಅಧಿಕಾರ ಕೊಡುವುದು), ಕ್ರಯದ ಕರಾರು. ಇವು ಯಾವುದಕ್ಕೂ ವರ್ಷದ ಕಾರ್ಯ ಆಗುವ ತನಕ ಸಹಿ ಹಾಕಬೇಡಿ. ನಿಮಗೆ ಒಳ್ಳೆಯದಾಗಲಿ ಅಂತಲೇ ಹೇಳುವವರು ತಂದುಕೊಟ್ಟರೂ ಬೇಡ. ನಿದ್ದೆ ಸರಿ ಇಲ್ಲದ ತಲೆಯಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಬಾರದು. ಒಮ್ಮೆ ರಿಜಿಸ್ಟರ್ ಆದ ಬಿಡುಗಡೆ ಪತ್ರವನ್ನು ರದ್ದು ಮಾಡಿಸಲು ಕೋರ್ಟಿಗೇ ಹೋಗಬೇಕು.

ಹೇಗೆ ಬೇಡ ಅನ್ನುವುದು? ಹಿರಿಯರ ಎದುರಿಗೆ ನಾಲಿಗೆ ಹೊರಳುವುದಿಲ್ಲ, ಅಲ್ವಾ? ಅದಕ್ಕೆ ನಮ್ಮ ಸಂಪ್ರದಾಯವೇ ಒಳ್ಳೆಯ ನೆಪ ಕೊಟ್ಟಿದೆ. "ದೊಡ್ಡಪ್ಪ, ಅಮ್ಮನ ವರ್ಷದ ಕಾರ್ಯ ಆಗ್ಲಿ. ಆಮೇಲೆ ಎಲ್ಲರೂ ಕೂತು ಮಾತಾಡೋಣ." ಇಷ್ಟು ಹೇಳಿದರೆ ಯಾರೂ ಮೇಲೆ ಬೀಳುವುದಿಲ್ಲ. ಹಬ್ಬ ಮಾಡಬಾರದು ಅನ್ನುವವರಿಗೆ ಆಸ್ತಿ ಭಾಗ ಮಾಡೋಣ ಅನ್ನಲು ಬಾಯಿ ಬರುವುದಿಲ್ಲ. ಮತ್ತೆ ಒತ್ತಾಯ ಬಂದರೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ಕಾರಣ ವಿವರಿಸಲು ಹೋಗಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ರೆಡಿ ಇರುತ್ತದೆ.

ಹೆಣ್ಣುಮಕ್ಕಳಿಗೆ ಮಾತ್ರ ಇದೇ ವರ್ಷದ ಲೆಕ್ಕ ತಿರುಗಿ ಬೀಳುತ್ತದೆ. "ವರ್ಷದೊಳಗೆ ಮದುವೆ ಮಾಡಿದ್ರೆ ಹೋದವರಿಗೆ ಪುಣ್ಯ, ದಾಟಿದ್ರೆ ಮೂರು ವರ್ಷ ಕಾಯಬೇಕು" ಅಂತ ಒಂದು ಮಾತಿದೆ. ಸತ್ತು ಎರಡು ತಿಂಗಳಿಗೆ ಗಂಡಿನ ಫೋಟೋ ಬರುತ್ತದೆ. ಮೊದಲೇ ಮಾತು ಮುಗಿದ ಸಂಬಂಧವಾದರೆ ಸರಿ. ಇಲ್ಲದಿದ್ದರೆ ಒಬ್ಬರೇ ಇರಬಾರದು ಅನ್ನುವ ಭಯಕ್ಕೆ ಗಂಡು ಹುಡುಕುವುದು ನನಗಂತೂ ಸರಿ ಕಾಣುವುದಿಲ್ಲ. ನಿಮ್ಮ ಪರವಾಗಿ ಮಾತಾಡುವ ಒಬ್ಬ ಹಿರಿಯರನ್ನು ಹುಡುಕಿಕೊಳ್ಳಿ, ಸೋದರಮಾವನೋ ಅತ್ತೆಯೋ. ಅವರ ಬಾಯಿಂದ ಹೇಳಿಸಿ.

ಹಕ್ಕಿನ ವಿಷಯದಲ್ಲಿ ಕನಿಷ್ಠ ಇಷ್ಟು ಗೊತ್ತಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಉಯಿಲು ಬರೆಯದೆ ತಂದೆ ತೀರಿಕೊಂಡರೆ ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆಂಡತಿ, ಜೊತೆಗೆ ತಂದೆಯ ತಾಯಿ, ಎಲ್ಲರಿಗೂ ಸಮಪಾಲು. ಊರಲ್ಲಿರುವ ಅಜ್ಜಿಯನ್ನು ಎಲ್ಲರೂ ಮರೆಯುತ್ತಾರೆ, ಕಾನೂನು ಮರೆಯುವುದಿಲ್ಲ. ತಾಯಿಯ ಆಸ್ತಿಯಾದರೆ ಮಕ್ಕಳು ಮತ್ತು ಗಂಡ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ನಿಯಮ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ. ಫೋನಿನಲ್ಲಿ ಕೇಳಬೇಕಾದರೆ 15100.

ಒಬ್ಬರ ಅಡುಗೆ

ಹನ್ನೊಂದು ದಿನ ಮನೆ ತುಂಬಾ ಅನ್ನ, ಸಾರು. ಹದಿನೈದನೇ ದಿನಕ್ಕೆ ಬಿಸ್ಕತ್ತು, ಟೀ. ಗಂಡುಮಕ್ಕಳಲ್ಲಿ ಇದು ಜಾಸ್ತಿ. ಬೆಳಗ್ಗೆ ಬೆಣ್ಣೆ ದೋಸೆ, ರಾತ್ರಿ ಎಗ್ ರೈಸ್ ಅಂತ ಶುರುವಾದರೆ ಎರಡು ತಿಂಗಳಿಗೆ ಹೊಟ್ಟೆಯೂ ಕೆಡುತ್ತದೆ, ಜೇಬೂ ಖಾಲಿ. ಬೆಣ್ಣೆ ದೋಸೆಗೆ ನನ್ನದೇನೂ ವಿರೋಧ ಇಲ್ಲ, ಭಾನುವಾರಕ್ಕೆ ಇರಲಿ.

ಒಬ್ಬರ ಅಡುಗೆಯ ಕಷ್ಟ ರುಚಿಯದಲ್ಲ, ಅಳತೆಯದು. ಅಮ್ಮನ ಐದು ಲೀಟರ್ ಕುಕ್ಕರ್ ಅಟ್ಟಕ್ಕೆ ಹಾಕಿ, ಎರಡು ಲೀಟರಿನದೊಂದು ತನ್ನಿ. ಒಬ್ಬರ ಒಂದು ಹೊತ್ತಿಗೆ ಅರ್ಧ ಲೋಟ ಅಕ್ಕಿ, ಅದರ ಎರಡರಷ್ಟು ನೀರು, ಮೂರು ಕೂಗು. ಎರಡು ಹಿಡಿ ತೊಗರಿಬೇಳೆಗೆ ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಬೇಳೆ ಒಮ್ಮೆ ಬೇಯಿಸಿಟ್ಟರೆ ಮಧ್ಯಾಹ್ನಕ್ಕೆ ಸಾರು, ರಾತ್ರಿಗೆ ಒಂದು ಹಿಡಿ ಮೆಂತ್ಯ ಸೊಪ್ಪು ಹಾಕಿ ಪಲ್ಯದ ಥರ. ಮುದ್ದೆ ತಿಂದು ಬೆಳೆದವರು ಮೊದಲ ವಾರ ಗಂಟು ಗಂಟಾದ ಮುದ್ದೆ ತಿನ್ನಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ರೊಟ್ಟಿ ಬಡಿಯುವುದನ್ನು ಕಲಿಯಲೇಬೇಕು ಅಂತೇನಿಲ್ಲ. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುವ ಅಕ್ಕಂದಿರು ಬಡಾವಣೆಗೊಬ್ಬರು ಸಿಗುತ್ತಾರೆ. ಕಡಕ್ ರೊಟ್ಟಿ ಒಂದು ಕಟ್ಟು ತಂದು ಬಿಗಿ ಡಬ್ಬದಲ್ಲಿಟ್ಟರೆ ತಿಂಗಳು ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರು, ಹಸಿ ಈರುಳ್ಳಿ. ಒಲೆ ಹಚ್ಚದೆ ಊಟ ಆಯಿತು. ಜ್ವರ ಬಂದ ದಿನ, ಮನಸ್ಸು ಬಾರದ ದಿನ ಈ ಡಬ್ಬ ಕೈ ಹಿಡಿಯುತ್ತದೆ.

ಸಂಜೆ ಹಸಿವಿಗೆ ಒಗ್ಗರಣೆ ಮಂಡಕ್ಕಿ. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿಗೆ ಬರ ಇಲ್ಲ, ಭಟ್ಟಿಗಳೇ ಇಲ್ಲಿವೆ. ಮೊದಲು ಒಗ್ಗರಣೆ ಪೂರ್ತಿ ರೆಡಿ ಮಾಡಿಕೊಳ್ಳಿ: ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಟೊಮೆಟೊ, ಅರಿಶಿನ, ಉಪ್ಪು. ಒಲೆ ಸಣ್ಣ ಮಾಡಿ, ಆಮೇಲೆ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಕೂಡಲೇ ಎತ್ತಿ, ಎರಡೂ ಕೈಯಲ್ಲಿ ಹಿಂಡಿ ಬಾಣಲೆಗೆ ಹಾಕಿ. ಮೊದಲೇ ನೆನೆಸಿಟ್ಟರೆ ಮುದ್ದೆ ಆಗುತ್ತದೆ. ಮೇಲೆ ಎರಡು ಚಮಚ ಪುಟಾಣಿ ಪುಡಿ ಉದುರಿಸಿ ತಿರುವಿದರೆ ನೀರೆಲ್ಲ ಹೀರಿಕೊಂಡು ಬಿಡಿಬಿಡಿಯಾಗುತ್ತದೆ. ಹತ್ತು ನಿಮಿಷದ ಕೆಲಸ. ಮಿರ್ಚಿ ಮಾತ್ರ ಹೊರಗಿಂದ ತನ್ನಿ. ಒಬ್ಬರಿಗಾಗಿ ಎಣ್ಣೆ ಕಾಯಿಸುವುದು ದಂಡ.

ಅಮ್ಮನ ಕೈರುಚಿ ಬರಲಿಲ್ಲ ಅಂತ ಕೊರಗಬೇಡಿ. ಸಾರಿನ ಪುಡಿ ಡಬ್ಬದಲ್ಲಿ ಇನ್ನೂ ಉಳಿದಿದ್ದರೆ ಅದು ಖಾಲಿಯಾಗುವ ಮೊದಲು ಚಿಕ್ಕಮ್ಮನಿಗೋ ಪಕ್ಕದ ಮನೆಯವರಿಗೋ ತೋರಿಸಿ ಅಳತೆ ಬರೆಸಿಕೊಳ್ಳಿ. ಕೊತ್ತಂಬರಿ ಬೀಜ ಎಷ್ಟು, ಮೆಣಸಿನಕಾಯಿ ಯಾವುದು, ಜೀರಿಗೆ ಹುರಿದದ್ದೋ ಹಸಿಯದೋ. ಮೂಗಿಗೆ ಹಿಡಿದು ಹೇಳುವವರು ಈಗ ಇದ್ದಾರೆ.

ನೀರು, ಕರೆಂಟು, ಗ್ಯಾಸ್

ನಿಮ್ಮ ಬೀದಿಗೆ ನಲ್ಲಿ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಪಕ್ಕದ ಮನೆಯಲ್ಲಿ ಕೇಳಿ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೀವು ಕೆಲಸಕ್ಕೆ ಹೋದಾಗ ಬಿಡುವ ಹಾಗಿದ್ದರೆ ನೀರಿನ ಸಂಪ್‌ಗೆ ಫ್ಲೋಟ್ ವಾಲ್ವ್ ಹಾಕಿಸಿ. ತುಂಬಿದ ಕೂಡಲೇ ತಾನೇ ನಿಲ್ಲುತ್ತದೆ, ಬೀದಿಗೆ ನೀರು ಹರಿದು ಮಾತು ಕೇಳಿಸಿಕೊಳ್ಳುವುದು ತಪ್ಪುತ್ತದೆ. ಮೋಟರ್ ಸ್ವಿಚ್, ಮೇನ್ ಸ್ವಿಚ್, ಓವರ್‌ಹೆಡ್ ಟ್ಯಾಂಕಿನ ವಾಲ್ವ್ ಎಲ್ಲೆಲ್ಲಿವೆ ಅಂತ ಹಗಲು ಹೊತ್ತಲ್ಲೇ ನೋಡಿಟ್ಟುಕೊಳ್ಳಿ.

ಕರೆಂಟ್ ಬಿಲ್ ಮೇಲಿನ ಆರ್.ಆರ್. ನಂಬರ್ ಬರೆದಿಡಿ, ಬೆಸ್ಕಾಂನಲ್ಲಿ ಎಲ್ಲ ಕೆಲಸಕ್ಕೂ ಅದೇ ಬೇಕು. ಗೃಹಜ್ಯೋತಿ ಅವರ ಆಧಾರ್‌ನಲ್ಲಿ ಇದ್ದರೆ ನಿಮ್ಮದಕ್ಕೆ ಬದಲಿಸಿ. ಗ್ಯಾಸ್ ಕನೆಕ್ಷನ್ ಹೆಸರು ಬದಲಾವಣೆ ಏಜೆನ್ಸಿಯಲ್ಲೇ ಆಗುತ್ತದೆ. ಹೋದಾಗ ಕಿತ್ತಳೆ ಬಣ್ಣದ ಪೈಪಿನ ಮೇಲಿರುವ ತಾರೀಖನ್ನೂ ನೋಡಿ ಹೋಗಿ. ಐದು ವರ್ಷ ದಾಟಿದ್ದರೆ ಹೊಸದು ಹಾಕಿಸಿ. ರೇಷನ್ ಕಾರ್ಡಿನಿಂದ ಅವರ ಹೆಸರು ತೆಗೆಸುವುದನ್ನು ಮರೆಯಬೇಡಿ.

ಮನೆಯ ಒಂದು ಕೀಲಿ ನಂಬಿಕೆಯ ನೆರೆಯವರ ಹತ್ತಿರ ಇರಲಿ. ರಾತ್ರಿ ಜ್ವರ ಏರಿದರೆ ಬಾಗಿಲು ತೆಗೆಯಲು ಯಾರಾದರೂ ಬೇಕು. ಆಂಬ್ಯುಲೆನ್ಸಿಗೆ 108, ಪೊಲೀಸರಿಗೆ 112. ಬೀದಿ ತುಂಬಾ "ಒಬ್ಬನೇ ಇದೀನಿ", "ಒಬ್ಬಳೇ ಇದೀನಿ" ಅಂತ ಹೇಳಿಕೊಂಡು ಬರಬೇಡಿ, ಎರಡು ಮನೆಗೆ ಮಾತ್ರ ಗೊತ್ತಿದ್ದರೆ ಸಾಕು.

ಸಂಜೆ ಆರರಿಂದ ಎಂಟು

ಒಬ್ಬರೇ ಇರುವವರು ಬಹಳಷ್ಟು ಜನ ಹೇಳುವುದು ಈ ಹೊತ್ತಿನ ಬಗ್ಗೆಯೇ. ಕೆಲಸದಿಂದ ಬಂದು ನಾವೇ ಬೀಗ ತೆಗೆಯಬೇಕು, ಒಳಗೆ ಕತ್ತಲೆ. ಟಿವಿ ಸೀರಿಯಲ್ ಶಬ್ದ ಇಲ್ಲ. ಇದಕ್ಕೆ ದೊಡ್ಡ ಉಪಾಯ ನನ್ನ ಹತ್ತಿರ ಇಲ್ಲ. ಹೊರಗಿನ ಬಲ್ಬಿಗೆ ಕತ್ತಲಾದ ಕೂಡಲೇ ಹತ್ತುವ ಸೆನ್ಸರ್ ಹಾಕಿಸಿ. ಆ ಎರಡು ಗಂಟೆಗೆ ಏನಾದರೂ ಕೆಲಸ ಕಟ್ಟಿಕೊಳ್ಳಿ. ಜಿಮ್ಮೋ, ಗ್ರಂಥಾಲಯವೋ, ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದೋ. ಬೆಳಗ್ಗೆ ಏಳುವ ಅಭ್ಯಾಸ ಇದ್ದರೆ ಕುಂದವಾಡ ಕೆರೆ ಏರಿ ಮೇಲೆ ನಡೆಯಿರಿ, ಮಾತಾಡಿಸುವವರು ಸಿಕ್ಕೇ ಸಿಗುತ್ತಾರೆ.

ಅವರ ಬಟ್ಟೆ, ಕನ್ನಡಕ, ಮಾತ್ರೆ ಡಬ್ಬಿ ಇವನ್ನು ಬೇಗ ಖಾಲಿ ಮಾಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾತ್ರೆ ಎಸೆಯಿರಿ. ಉಳಿದದ್ದು ನಿಮಗೆ ಬೇಕಾದಾಗ.

ವಾರಗಟ್ಟಲೆ ನಿದ್ದೆ ಇಲ್ಲ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ಕುಡಿತ ಜಾಸ್ತಿಯಾಗಿದೆ, ತಾನೂ ಹೋಗಿಬಿಡಬೇಕು ಅನಿಸುತ್ತಿದೆ ಅಂದರೆ ಅದು ಬರೀ ದುಃಖ ಅಂತ ಸುಮ್ಮನಿರಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೂ ಹೋಗಬಹುದು. ಅಲ್ಲಿ ಪರಿಚಯದವರು ಕಂಡರೆ ಅನ್ನುವ ಮುಜುಗರ ಇದ್ದದ್ದೇ. ಅವರೂ ಅಲ್ಲಿಗೇ ಬಂದಿರುತ್ತಾರಲ್ಲ.

ಕೊನೆಗೆ, ನಿಮ್ಮ ನಾಮಿನಿ

ಎಲ್ಲ ಕೆಲಸ ಮುಗಿಸಿದವರೂ ಬಿಟ್ಟುಬಿಡುವ ಒಂದು ಕೆಲಸ ಇದೆ. ನಿಮ್ಮ ಬ್ಯಾಂಕ್ ಖಾತೆ, ಎಲ್‌ಐಸಿ, ಪಿಎಫ್, ಆಫೀಸಿನ ವಿಮೆ, ಇವುಗಳಲ್ಲಿ ನಾಮಿನಿ ಯಾರು? ಮದುವೆಯಾಗದವರಲ್ಲಿ ಹೆಚ್ಚಾಗಿ ಅಮ್ಮನೋ ಅಪ್ಪನೋ ಇರುತ್ತಾರೆ. ಈಗ ಆ ಹೆಸರು ಕೆಲಸಕ್ಕೆ ಬರುವುದಿಲ್ಲ.

ಒಂದೊಂದಾಗಿ ಬದಲಿಸಿ. ಬ್ಯಾಂಕ್ ಖಾತೆಗೆ 2025ರ ನವೆಂಬರ್‌ನಿಂದ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಅಂತಲೂ ಬರೆಯಬಹುದು. ಆಫೀಸಿನಲ್ಲಿ ತುರ್ತಿಗೆ ಕೊಟ್ಟ ಫೋನ್ ನಂಬರ್ ಅವರದ್ದೇ ಇದ್ದರೆ ಅದನ್ನೂ ಬದಲಿಸಿ. ಪಿಎಫ್ ನಾಮಿನೇಷನ್ ಆನ್‌ಲೈನ್‌ನಲ್ಲೇ ಆಗುತ್ತದೆ, ಆಧಾರ್‌ಗೆ ಜೋಡಿಸಿದ ಮೊಬೈಲ್, ಒಂದು ಫೋಟೋ ಇದ್ದರೆ ಸಾಕು. ಮುಂದೆ ಮದುವೆಯಾದರೆ ಈಗ ಮಾಡಿದ ಪಿಎಫ್ ನಾಮಿನೇಷನ್ ನಡೆಯುವುದಿಲ್ಲ, ಆಗ ಮತ್ತೆ ಹೊಸದಾಗಿ ಮಾಡಬೇಕು.